ಕಾರಿನ ಹಳೇ ಸನ್ ಫಿಲ್ಮ್ ತೆಗೆಯುವುದು: ಫಿಲ್ಮ್ ಸುಲಭ, ಅಂಟು ಕಷ್ಟ

ಮಾವನ ಕಾರು 2010ರ ಐ20. ಉಡುಪಿಯ ಬಿಸಿಲು, ಮಳೆ ಎರಡನ್ನೂ ಅಂಗಳದಲ್ಲೇ ನಿಂತು ಉಂಡ ಕಾರು. ಹೊಸತರಲ್ಲಿ ಹಾಕಿಸಿದ ಕಪ್ಪು ಫಿಲ್ಮ್ ಈಗ ಕಪ್ಪಾಗಿ ಉಳಿದಿರಲಿಲ್ಲ. ನೇರಳೆ ಹಣ್ಣು ತಿಂದ ಮಕ್ಕಳ ನಾಲಗೆಯ ಬಣ್ಣಕ್ಕೆ ಬಂದಿತ್ತು. ಹಿಂದಿನ ಗ್ಲಾಸಿನಲ್ಲಂತೂ ಹಪ್ಪಳ ಸುಟ್ಟ ಹಾಗೆ ಗುಳ್ಳೆಗಳು.

"ಇದನ್ನು ಎಳೆದು ತೆಗೆಯಲಿಕ್ಕೆ ಎಂತ ಉಂಟು, ಅರ್ಧ ಗಂಟೆಯ ಕೆಲಸ" ಅಂತ ಒಂದು ಭಾನುವಾರ ಕೂತೆ. ಅರ್ಧ ಗಂಟೆಯಲ್ಲಿ ಫಿಲ್ಮ್ ಬಂತು, ಸುಳ್ಳಲ್ಲ. ಗಾಜಿನ ಮೇಲೆ ಉಳಿದ ಅಂಟು ಬರಲಿಕ್ಕೆ ಮತ್ತೆ ಮೂರು ಭಾನುವಾರ ಹೋಯಿತು. ಅದರ ಜೊತೆ ಹಿಂದಿನ ಗ್ಲಾಸಿನ ಮಂಜು ಬಿಡಿಸುವ ಡಿಫಾಗರ್‌ನ ಎರಡು ಗೆರೆಗಳೂ ಹೋದವು. ಚಾವಡಿಯಲ್ಲಿ ಕೂತಿದ್ದ ಮಾವ ನಡುನಡುವೆ ಕೇಳುತ್ತಿದ್ದರು: "ಎಂತ ಅಳಿಯಂದಿರೇ, ಗ್ಲಾಸ್ ಉಂಟಾ, ಅದೂ ಹೋಯ್ತಾ?"

ಆಮೇಲೆ ಮೂವರು ಸ್ನೇಹಿತರ ಕಾರಿನ ಫಿಲ್ಮ್ ತೆಗೆದಿದ್ದೇನೆ. ಅವು ಚೆನ್ನಾಗಿ ಆದವು. ಮೊದಲ ಸಲ ಮಾಡಿದ ತಪ್ಪುಗಳನ್ನೂ ಸೇರಿಸಿಯೇ ಇಲ್ಲಿ ಬರೆದಿದ್ದೇನೆ.

ತೆಗೆಯಲೇಬೇಕಾ ಅಂತ ಕೇಳುವವರಿಗೆ ಎರಡು ಮಾತು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಾರದು ಅಂತ ಹೇಳಿತು, ಮೇ 4ರಿಂದ ಅದು ಜಾರಿಗೆ ಬಂತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗ್ಲಾಸಿನಲ್ಲಿ ಕನಿಷ್ಠ ಶೇ. 70ರಷ್ಟು, ಪಕ್ಕದವುಗಳಲ್ಲಿ ಕನಿಷ್ಠ ಶೇ. 50ರಷ್ಟು ಬೆಳಕು ದಾಟಬೇಕು. 2021ರಲ್ಲಿ ಈ ನಿಯಮಕ್ಕೆ ತಿದ್ದುಪಡಿ ಬಂತು. ಅದನ್ನು ನೋಡಿ ಕೇರಳ ಹೈಕೋರ್ಟ್ 2024ರಲ್ಲಿ, ಇದೇ ಅಳತೆಯೊಳಗೆ ಇರುವ ಫಿಲ್ಮ್ ಆದರೆ ದಂಡ ಹಾಕುವ ಹಾಗಿಲ್ಲ ಅಂತ ಹೇಳಿತು. ಆದರೆ ಕೇರಳದ ಗಡಿ ತಲಪಾಡಿ ದಾಟಿದರೂ, ದಾಟದಿದ್ದರೂ, ಒಳಗೆ ಕೂತವರ ಮುಖ ಕಾಣದ ಹಳೇ ಫಿಲ್ಮಿಗೆ ಯಾವ ಲೆಕ್ಕದಲ್ಲೂ ಜಾಗ ಇಲ್ಲ. ಕಾನೂನು ಬಿಡಿ, ಮಳೆಗಾಲದ ರಾತ್ರಿ ಗುಳ್ಳೆ ಎದ್ದ ಗ್ಲಾಸಿನಲ್ಲಿ ರಿವರ್ಸ್ ತೆಗೆದು ನೋಡಿ. ಹಿಂದೆ ನಿಂತದ್ದು ದನವೋ, ಸ್ಕೂಟರೋ ಗೊತ್ತಾಗುವುದಿಲ್ಲ.

ಮೊದಲು ಫಿಲ್ಮ್ ಏನು ಅಂತ ನೋಡಿ

ಫಿಲ್ಮ್ ಇರುವುದು ಗಾಜಿನ ಒಳಮೈಗೆ. ಹೊರಗಿನಿಂದ ಕೆರೆದು ಪ್ರಯೋಜನ ಇಲ್ಲ. ಸಾಮಾನ್ಯವಾಗಿ ಅದರಲ್ಲಿ ಎರಡು ಪಾಲಿಯೆಸ್ಟರ್ ಪದರ ಇರುತ್ತದೆ, ನಡುವೆ ಬಣ್ಣ, ಗಾಜಿನ ಕಡೆಗೆ ಅಂಟು. ಬಿಸಿಲಿಗೆ ಬಣ್ಣ ಕೆಡುವಾಗ ಎಲ್ಲ ಒಟ್ಟಿಗೆ ಕೆಡುವುದಿಲ್ಲ, ನೇರಳೆ ಕೊನೆಗೆ ಉಳಿಯುತ್ತದೆ. ಅಂಟು ಒಣಗಿ ಗಟ್ಟಿಯಾಗುತ್ತದೆ, ಅಲ್ಲಲ್ಲಿ ಹಿಡಿತ ಬಿಟ್ಟು ಗುಳ್ಳೆ ಬರುತ್ತದೆ.

ಇಂಥ ಫಿಲ್ಮನ್ನು ತಣ್ಣಗಿರುವಾಗ ಜೋರಾಗಿ ಎಳೆದರೆ ಮೇಲಿನ ಪದರ ಮಾತ್ರ ಸರ್ರನೆ ಬರುತ್ತದೆ. ಕೆಳಗಿನ ಪದರ, ಬಣ್ಣ ಮತ್ತು ಅಂಟು ಗಾಜಿನ ಮೇಲೇ ಕೂರುತ್ತದೆ. ಬಿಸಿ ಮಾಡಿ ನಿಧಾನಕ್ಕೆ ಎಳೆದರೆ ಅಂಟೂ ಫಿಲ್ಮಿನ ಜೊತೆಗೇ ಬರುತ್ತದೆ. ನನ್ನ ಮೂರು ಭಾನುವಾರ ಹಾಳಾದದ್ದು ಇದೊಂದು ಗೊತ್ತಿಲ್ಲದೆ.

ಕೆಲಸ ಶುರು ಮಾಡುವ ಮೊದಲು ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿ, ಗಾಜಿನ ಮೇಲಂಚಿಗೆ ಉಗುರು ತಾಗಿಸಿ ನೋಡಿ. ಫಿಲ್ಮ್ ಇದ್ದರೆ ಅಂಚಿನ ಕೆಳಗೆ ಕೂದಲಿನಷ್ಟು ಮೆಟ್ಟಿಲು ಸಿಗುತ್ತದೆ. ಏನೂ ಸಿಗದಿದ್ದರೆ ಅದು ಕಂಪನಿಯಿಂದಲೇ ಬಂದ ತಿಳಿ ಹಸಿರು ಗಾಜು ಇರಬಹುದು. ಅದನ್ನು ಕೆರೆಯಲಿಕ್ಕೆ ಹೋಗಬೇಡಿ, ಮಾರಾಯ್ರೆ.

ಏನೇನು ಬೇಕು

ಹೇರ್ ಡ್ರೈಯರ್ ಅಥವಾ ಹೀಟ್ ಗನ್. ಬಟ್ಟೆಗೆ ಹಬೆ ಹಿಡಿಯುವ ಸ್ಟೀಮರ್ ಮನೆಯಲ್ಲಿ ಇದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು. (ಕುಕ್ಕರಿನ ಮೂತಿಗೆ ಪೈಪ್ ಸಿಕ್ಕಿಸುವ ಸಾಹಸ ಬೇಡ.) ಸ್ಪ್ರೇ ಬಾಟಲಿಯಲ್ಲಿ ಅರ್ಧ ಲೀಟರ್ ನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ. ಹಿಡಿ ಇರುವ ಬ್ಲೇಡ್ ಸ್ಕ್ರೇಪರ್, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಗಡ್ಡದ ಬ್ಲೇಡನ್ನು ಎರಡು ತುಂಡು ಮಾಡಿ ಕಾಗದ ಸುತ್ತಿ ಹಿಡಿಯುವವರನ್ನು ನೋಡಿದ್ದೇನೆ. ಅದು ಬಾಗುತ್ತದೆ, ಬೆರಳೂ ಹೋಗುತ್ತದೆ. ಅವಧಿ ಮುಗಿದ ಎಟಿಎಂ ಕಾರ್ಡ್ ಒಂದೆರಡು. ತೆಂಗಿನೆಣ್ಣೆ. ಮೆಡಿಕಲ್ ಅಂಗಡಿಯ ಸ್ಪಿರಿಟ್. ಹಳೇ ಬೈರಾಸು (ಟವೆಲ್) ನಾಲ್ಕೈದು, ಕಸಕ್ಕೆ ಹಾಕುವ ದೊಡ್ಡ ಕಪ್ಪು ಪ್ಲಾಸ್ಟಿಕ್ ತೊಟ್ಟೆ (ಚೀಲ), ಹಳೇ ಪೇಪರ್, ಹಳೇ ಹಲ್ಲುಜ್ಜುವ ಬ್ರಷ್.

ಬ್ಲೇಡ್ ಮಾತ್ರ ಹೊಸತೇ ಇರಲಿ. ನಮ್ಮ ಉಪ್ಪು ಗಾಳಿಗೆ, ಒದ್ದೆ ಬ್ಲೇಡನ್ನು ಹಾಗೇ ಇಟ್ಟರೆ ಬೆಳಗಾಗುವುದರೊಳಗೆ ಅಂಚು ಕೆಂಪಾಗುತ್ತದೆ. ತುಕ್ಕು ಹಿಡಿದ ಅಂಚು ಗಾಜಿಗೆ ಗೀರು ಹಾಕುತ್ತದೆ. ಮಲ್ಪೆ, ಪಣಂಬೂರು ಕಡೆ ಸಮುದ್ರದ ಹತ್ತಿರ ಮನೆ ಇದ್ದವರಿಗೆ ಇದನ್ನು ಹೇಳಬೇಕಾಗಿಲ್ಲ.

ಯಾವಾಗ, ಎಲ್ಲಿ

ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಳ್ಳೆ ಕಾಲ. ಬೆಳಿಗ್ಗೆ ಹತ್ತರ ಹೊತ್ತಿಗೆ, ಫಿಲ್ಮ್ ತೆಗೆಯುವ ಬದಿಗೆ ಬಿಸಿಲು ಬೀಳುವ ಹಾಗೆ ಕಾರು ನಿಲ್ಲಿಸಿ. ಅರ್ಧ ಕೆಲಸ ಸೂರ್ಯನೇ ಮಾಡುತ್ತಾನೆ. ಮಳೆಗಾಲದಲ್ಲಿ ಮಾಡಲೇಬೇಕಾದರೆ ಶೆಡ್ಡಿನೊಳಗೆ ಸ್ಟೀಮರ್ ಹಿಡಿದು ಮಾಡಿ. ಏಪ್ರಿಲ್ ದಾಟಿದ ಮೇಲೆ ಮಧ್ಯಾಹ್ನ ಕಾರಿನೊಳಗೆ ಕೂತು ಹೀಟ್ ಗನ್ ಹಿಡಿಯುವುದು ಬೇಡ. ಆ ಸೆಖೆಗೆ ಫಿಲ್ಮಿಗಿಂತ ಮೊದಲು ನಾವೇ ಕರಗುತ್ತೇವೆ.

ಗಾಜನ್ನು ಒಳಗೂ ಹೊರಗೂ ಒಮ್ಮೆ ತೊಳೆದು ಒರೆಸಿ. ಕೆಂಪು ಮಣ್ಣಿನ ಧೂಳು, ಹೊಯ್ಗೆಯ (ಮರಳಿನ) ಒಂದು ಕಾಳು ಬ್ಲೇಡಿನ ಅಡಿಗೆ ಸಿಕ್ಕಿದರೂ ಗೀರು ಖಂಡಿತ. ಆದರೆ ಬಿಸಿಲಿಗೆ ಕಾದ ಗಾಜಿಗೆ, ಹೀಟ್ ಗನ್ ಹಿಡಿದ ಗಾಜಿಗೆ ಬಾವಿಯ ತಣ್ಣೀರು ಎರಚಬೇಡಿ. ಒಡೆಯಬಹುದು. ತೊಳೆಯುವುದಿದ್ದರೆ ನೆರಳಲ್ಲಿ ತೊಳೆದು ಆಮೇಲೆ ಬಿಸಿಲಿಗೆ ತನ್ನಿ.

ಬಾಗಿಲಿನ ಪ್ಯಾಡಿನ ಮೇಲೆ ಬೈರಾಸು ಹೊದಿಸಿ, ಕಿಟಕಿಯ ಸ್ವಿಚ್ಚಿನ ಮೇಲೆ ತೊಟ್ಟೆ ಕಟ್ಟಿ. ಗಾಜಿನ ಬುಡದಿಂದ ಬಾಗಿಲಿನೊಳಗೆ ಇಳಿದ ನೀರು ಕೆಳಗಿನ ತೂತಿನಿಂದ ಹೊರಗೆ ಹೋಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಸ್ವಿಚ್ಚು ಮತ್ತು ಸ್ಪೀಕರ್ ಚಂಡಿಪುಂಡಿ ಆಗಬಾರದು, ಅಷ್ಟೇ.

ಪಕ್ಕದ ಗ್ಲಾಸ್

ಸುಲಭದ್ದರಿಂದ ಶುರು ಮಾಡಿ. ಡ್ರೈವರ್ ಹಿಂದಿನ ಬಾಗಿಲಿನ ಗ್ಲಾಸ್ ಕೈ ಪಳಗಿಸಿಕೊಳ್ಳಲಿಕ್ಕೆ ಒಳ್ಳೆಯದು.

ಕಿಟಕಿಯನ್ನು ಸ್ವಲ್ಪ ಇಳಿಸಿ, ಮೇಲಿನ ಒಂದು ಮೂಲೆಗೆ ಬಿಸಿ ಹಿಡಿಯಿರಿ. ಹೀಟ್ ಗನ್ ಆದರೆ ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರದಿಂದ, ಕೈ ಆಡಿಸುತ್ತಲೇ ಇರಬೇಕು. ಒಂದೇ ಕಡೆ ನಿಲ್ಲಿಸಿದರೆ ಗಾಜು ಬಿರಿಯಬಹುದು, ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಮುದುಡಬಹುದು. ಹೇರ್ ಡ್ರೈಯರ್ ಅಷ್ಟು ಅಪಾಯ ಅಲ್ಲ, ಹತ್ತಿರ ಹಿಡಿಯಬಹುದು. ಎಷ್ಟು ಬಿಸಿ ಸಾಕು? ಇನ್ನೊಂದು ಕೈಯ ಬೆರಳನ್ನು ಗಾಜಿನ ಹೊರಗಿನಿಂದ ಇಟ್ಟು ನೋಡಿ. ಈಗಷ್ಟೇ ಕಾಫಿ ಸುರಿದ ಸ್ಟೀಲ್ ಲೋಟದ ಹಾಗೆ, ಹಿಡಿಯಬಹುದು ಆದರೆ ಜಾಸ್ತಿ ಹೊತ್ತು ಆಗುವುದಿಲ್ಲ ಅನ್ನುವಷ್ಟು ಬಿಸಿ ಬಂದರೆ ಸಾಕು.

ಆಗ ಮೂಲೆಯನ್ನು ಬ್ಲೇಡಿನ ತುದಿಯಿಂದ ಸ್ವಲ್ಪ ಎಬ್ಬಿಸಿ. ಎರಡು ಬೆರಳಿಗೆ ಹಿಡಿತ ಸಿಕ್ಕಿದ ಮೇಲೆ ಬ್ಲೇಡ್ ಕೆಳಗಿಡಿ. ಕಿಟಕಿಯನ್ನು ಮೇಲೆ ಏರಿಸಿ. ಇನ್ನು ಒಂದು ಕೈಯಲ್ಲಿ ಬಿಸಿ, ಇನ್ನೊಂದು ಕೈಯಲ್ಲಿ ಎಳೆತ. ನಿಮ್ಮ ಎದೆಯ ಕಡೆಗೆ ಎಳೆಯಬೇಡಿ. ಗಾಜಿಗೆ ಒರಗಿಸಿದ ಹಾಗೆಯೇ, ಮಡಚಿ ಕೆಳಗೆ ಎಳೆಯಿರಿ. ಒಂದು ಬೆರಳಗಲ ಬರಲಿಕ್ಕೆ ನಾಲ್ಕೈದು ಸೆಕೆಂಡ್ ಆಗಲಿ. ಬಿಸಿ ಯಾವಾಗಲೂ ಫಿಲ್ಮ್ ಗಾಜನ್ನು ಬಿಡುತ್ತಿರುವ ಗೆರೆಯ ಮೇಲೇ ಇರಬೇಕು.

ಆ ಗೆರೆಯನ್ನೇ ನೋಡುತ್ತಾ ಇರಿ. ಸರಿಯಾದ ಬಿಸಿಗೆ ಅಂಟು ಬಾಳೆಹಣ್ಣಿನ ಹಲ್ವದ ಹಾಗೆ ಸಣ್ಣ ಸಣ್ಣ ನೂಲು ಬಿಟ್ಟು, ಕೊನೆಗೆ ಫಿಲ್ಮಿನ ಕಡೆಗೇ ಹೋಗುತ್ತದೆ. ಹಿಂದೆ ಉಳಿಯುವ ಗಾಜು ಸ್ವಚ್ಛ ಕಾಣುತ್ತದೆ. ಗಾಜಿನ ಮೇಲೆ ಮಸುಕು ಮಸುಕು ಪೊರೆ ಉಳಿಯುತ್ತಿದೆ ಅಂದರೆ ನೀವು ಅವಸರ ಮಾಡುತ್ತಿದ್ದೀರಿ, ಅಥವಾ ಬಿಸಿ ಸಾಲದು. ನಿಲ್ಲಿಸಿ. ಬಿಸಿ ಮಾಡಿ. ಮತ್ತೆ ಎಳೆಯಿರಿ. ಚರ್ರ್ ಅಂತ ಶಬ್ದ ಬಂದರೆ ಹರಿಯಲಿಕ್ಕೆ ಹೊರಟಿದೆ ಅಂತಲೇ ಲೆಕ್ಕ.

ಫಿಲ್ಮಿನ ಕೆಳಗಿನ ಅಂಚು ಬೀಡಿಂಗ್‌ನೊಳಗೆ ಹೋಗಿರುತ್ತದೆ. ಎಟಿಎಂ ಕಾರ್ಡಿನಿಂದ ಬೀಡಿಂಗನ್ನು ಸ್ವಲ್ಪ ದೂಡಿ ಹಿಡಿದರೆ ಆ ಅಂಚೂ ಹೊರಗೆ ಬರುತ್ತದೆ. ಅಲ್ಲಿ ಒಂದು ಪಟ್ಟಿ ಬಿಟ್ಟರೆ ಆಮೇಲೆ ಕಿಟಕಿ ಇಳಿಸಿ ಏರಿಸುವಾಗ ಅದರ ಅಂಟು ಇಡೀ ಗಾಜಿಗೆ ಬಳಿಯುತ್ತದೆ. ಎಳೆದ ಫಿಲ್ಮನ್ನು ಅಂಟಿನ ಬದಿ ಒಳಗೆ ಬರುವ ಹಾಗೆ ಮಡಚಿ ಕಸದ ತೊಟ್ಟೆಗೆ ಹಾಕಿ. ಸೀಟಿನ ಮೇಲೆ ಬಿದ್ದರೆ ಸೀಟಿನ ಬಟ್ಟೆಯೂ ಜೊತೆಗೆ ಎದ್ದು ಬರುತ್ತದೆ.

ಕೈ ಪಳಗಿದ ಮೇಲೆ ಒಂದು ಗ್ಲಾಸಿಗೆ ಅರ್ಧ, ಮುಕ್ಕಾಲು ಗಂಟೆ ಸಾಕು.

ಮೇಲಿನ ಪದರ ಮಾತ್ರ ಬಂದರೆ

ತುಂಬ ಹಳೇ ಫಿಲ್ಮಿನಲ್ಲಿ ಎಷ್ಟು ಜಾಗ್ರತೆ ಮಾಡಿದರೂ ಹೀಗಾಗುವುದುಂಟು. ಗಾಬರಿ ಬೇಡ. ಮೇಲಿನ ಪದರ ಹೋದದ್ದರಿಂದ ಈಗ ಕೆಳಗಿನದ್ದಕ್ಕೆ ನೀರು ಇಳಿಯುತ್ತದೆ. ಸೋಪಿನ ನೀರನ್ನು ಧಾರಾಳ ಸ್ಪ್ರೇ ಮಾಡಿ, ಅದರ ಮೇಲೆ ಹಳೇ ಪೇಪರ್ ಹಾಳೆ ಅಂಟಿಸಿ, ಪೇಪರಿನ ಮೇಲೂ ಸ್ಪ್ರೇ ಮಾಡಿ. ಒಣಗದ ಹಾಗೆ ತೊಟ್ಟೆ ಮುಚ್ಚಿ. ಮುಕ್ಕಾಲು ಗಂಟೆ ಬಿಡಿ. ನಡುವೆ ಒಮ್ಮೆ ಪುನಃ ಒದ್ದೆ ಮಾಡಿ. ಆಮೇಲೆ ಪೇಪರನ್ನು ಮೇಲಿನಿಂದ ಒಂದೊಂದೇ ಅಂಗೈಯಗಲ ಸರಿಸುತ್ತಾ, ಕೆಳಗಿನ ಮೆತ್ತಗಾದ ಪದರವನ್ನು ಕೆರೆಯುತ್ತಾ ಬನ್ನಿ. ಬಾಗಿಲಿನ ಪ್ಯಾಡ್ ಬಿಳಿ ಅಥವಾ ಬೀಜ್ ಬಣ್ಣದ್ದಾದರೆ ಪೇಪರಿನ ಬದಲು ಟಿಶ್ಯೂ ಹಾಕಿ, ಮಸಿ ಇಳಿಯುತ್ತದೆ.

ಕೆರೆಯುವಾಗ ಗಾಜು ಯಾವಾಗಲೂ ಒದ್ದೆ ಇರಬೇಕು. ಬ್ಲೇಡನ್ನು ಗಾಜಿಗೆ ಓರೆಯಾಗಿ, ಹೆಚ್ಚುಕಮ್ಮಿ ಮಲಗಿಸಿದ ಹಾಗೆ ಹಿಡಿದು ಮುಂದಕ್ಕೆ ಮಾತ್ರ ದೂಡಿ. ಎತ್ತಿ, ಒರೆಸಿ, ಮತ್ತೆ ದೂಡಿ. ಹಿಂದೆ ಮುಂದೆ ಉಜ್ಜಬೇಡಿ. ಹಿಂದೆ ಬರುವಾಗಲೇ ಕಸ ಅಡಿಗೆ ಸಿಕ್ಕಿ ಗೀರು ಬೀಳುವುದು.

ಅಂಟು ಉಳಿದರೆ

ಹಲಸಿನ ಹಣ್ಣು ಕೊಯ್ಯುವವರಿಗೆ ಈ ಭಾಗ ಹೇಳಿಕೊಡಬೇಕಾಗಿಲ್ಲ. ಕೈಗೆ ಹಿಡಿದ ಹಲಸಿನ ಮೇಣ ನೀರಿಗೆ ಹೋಗುವುದಿಲ್ಲ, ಸೋಪಿಗೂ ಜಗ್ಗುವುದಿಲ್ಲ, ತೆಂಗಿನೆಣ್ಣೆಗೆ ಮಾತ್ರ ಸೋಲುತ್ತದೆ ಅಲ್ವಾ? ಫಿಲ್ಮಿನ ಅಂಟೂ ಅದೇ ಜಾತಿ. ನಾನು ಮೊದಲ ಭಾನುವಾರ ಇಡೀ ದಿನ ಸೋಪಿನ ನೀರು ಹಾಕಿ ತಿಕ್ಕಿದೆ. ಸಂಜೆ ಅತ್ತೆ ಬಂದು ನೋಡಿ, ಒಳಗೆ ಹೋಗಿ ತೆಂಗಿನೆಣ್ಣೆಯ ಗಿಂಡಿ ತಂದಿಟ್ಟರು. ಒಂದು ಮಾತೂ ಆಡಲಿಲ್ಲ.

ತೆಂಗಿನೆಣ್ಣೆಯನ್ನು ಬಟ್ಟೆಯಲ್ಲಿ ತೆಗೆದುಕೊಂಡು ಅಂಟಿನ ಮೇಲೆ ತೆಳ್ಳಗೆ ಹಚ್ಚಿ, ಹದಿನೈದು ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಎಟಿಎಂ ಕಾರ್ಡಿನಿಂದ ದೂಡಿದರೆ ಅಂಟು ಉಂಡೆ ಉಂಡೆಯಾಗಿ ಬರುತ್ತದೆ. ಹಟಮಾರಿ ಅಂಟಿಗೆ ಕೆಲವರು ಚಿಮಿಣಿ ಎಣ್ಣೆ (ಸೀಮೆಎಣ್ಣೆ) ಹಾಕುತ್ತಾರೆ. ಕೆಲಸ ಆಗುತ್ತದೆ, ಆದರೆ ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ಹಾಕುವುದಾದರೆ ಬಟ್ಟೆಗೆ ಸ್ವಲ್ಪವೇ ಹಾಕಿ, ನಾಲ್ಕೂ ಬಾಗಿಲು ತೆರೆದಿಡಿ. ಚಿಮಿಣಿ ಎಣ್ಣೆ ಇರಲಿ, ಸ್ಪಿರಿಟ್ ಇರಲಿ, ಹೀಟ್ ಗನ್ನಿನ ಕೆಲಸ ಪೂರ್ತಿ ಮುಗಿದು ಗಾಜು ತಣ್ಣಗಾದ ಮೇಲೆಯೇ ಬಾಟಲಿ ತೆರೆಯಬೇಕು. ಎರಡೂ ಬೆಂಕಿ ಹಿಡಿಯುವ ಸಾಮಾನು.

ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರವ ಬೇಡವೇ ಬೇಡ. ಗಾಜಿಗೆ ಏನೂ ಆಗುವುದಿಲ್ಲ, ಆದರೆ ಒಂದು ಹನಿ ಪ್ಲಾಸ್ಟಿಕ್ ಪ್ಯಾಡಿಗೆ ಬಿದ್ದರೆ ಅಲ್ಲಿ ಕಲೆ ಕೂತುಬಿಡುತ್ತದೆ. ಅಮೋನಿಯಾ ಸ್ಪ್ರೇ ಮಾಡಿ ಕಪ್ಪು ತೊಟ್ಟೆ ಮುಚ್ಚಿ ಬಿಸಿಲಿಗಿಡುವ ಒಂದು ಉಪಾಯವೂ ಉಂಟು. ಹೊರದೇಶದವರು ತುಂಬ ಹೇಳುತ್ತಾರೆ. ನಮ್ಮ ಸೆಖೆಯಲ್ಲಿ ಕಾರಿನೊಳಗೆ ಆ ಘಾಟಿಗೆ ಕಣ್ಣು ಬಿಡಲಿಕ್ಕೆ ಆಗುವುದಿಲ್ಲ. ಅಪ್ಪಿತಪ್ಪಿ ಅದಕ್ಕೆ ಬ್ಲೀಚಿಂಗ್ ಸೇರಿದರೆ ವಿಷದ ಗಾಳಿಯೇ ಏಳುತ್ತದೆ. ಹಬೆ ಮತ್ತು ತೆಂಗಿನೆಣ್ಣೆ ಇರುವಾಗ ಸುಮ್ನೆ ಯಾಕೆ ಆ ತಲೆಬಿಸಿ?

ಎಣ್ಣೆ ಹಾಕಿದ ಗಾಜನ್ನು ಎರಡು ಸಲ ಸೋಪಿನ ನೀರಿನಿಂದ ಒರೆಸಿ, ಕೊನೆಗೆ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒಮ್ಮೆ ಒರೆಸಿ. ಇಲ್ಲದಿದ್ದರೆ ರಾತ್ರಿ ಹೆದ್ದಾರಿ 66ರಲ್ಲಿ ಎದುರಿನ ಲಾರಿಯ ಬೆಳಕು ಬಿದ್ದಾಗ ಇಡೀ ಗ್ಲಾಸ್ ಕಾಮನಬಿಲ್ಲು.

ಹಿಂದಿನ ಗ್ಲಾಸ್: ಇಲ್ಲಿ ಬ್ಲೇಡ್ ಮುಟ್ಟಬೇಡಿ

ಹಿಂದಿನ ಗ್ಲಾಸಿನಲ್ಲಿ ಅಡ್ಡಡ್ಡ ಕಂದು ಗೆರೆಗಳು ಇದ್ದರೆ ಅದು ಡಿಫಾಗರ್. ಗಾಜಿನ ಒಳಗೆ ಹೂತಿಟ್ಟ ತಂತಿ ಅಂತ ನಾನು ತಿಳಿದಿದ್ದೆ. ಅಲ್ಲ. ಅದು ಗಾಜಿನ ಒಳಮೈ ಮೇಲೆ ಬೆಳ್ಳಿ ಬೆರೆತ ಪೇಸ್ಟಿನಿಂದ ಅಚ್ಚೊತ್ತಿದ ಗೆರೆ. ಫಿಲ್ಮ್ ಕೂತಿರುವುದು ಅದರ ಮೇಲೆಯೇ. ಬ್ಲೇಡ್ ಒಮ್ಮೆ ಅಡ್ಡ ಹೋದರೆ ಗೆರೆ ತುಂಡು. ಕೆಲವು ಕಾರಿನಲ್ಲಿ ರೇಡಿಯೋದ ಆಂಟೆನಾ ಗೆರೆಯೂ ಅಲ್ಲೇ ಇರುತ್ತದೆ.

ನಾನು ತುಂಡು ಮಾಡಿದ್ದು ಆ ದಿನ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಜುಲೈಯಲ್ಲಿ, ಆಗುಂಬೆ ಘಾಟಿ ಹತ್ತುವಾಗ. ಜಡಿಮಳೆ, ಒಳಗೆ ಐದು ಜನ, ಗ್ಲಾಸೆಲ್ಲ ಮಂಜು. ಡಿಫಾಗರ್ ಹಾಕಿದೆ. ಹಿಂದಿನ ಗ್ಲಾಸ್ ನಿಧಾನಕ್ಕೆ ತಿಳಿಯಾಯಿತು. ಸರಿಯಾಗಿ ನಡುವೆ ಎರಡು ಪಟ್ಟಿ ಮಾತ್ರ ಬಿಳಿಯಾಗಿಯೇ ಉಳಿಯಿತು, ವಿಭೂತಿ ಎಳೆದ ಹಾಗೆ. ಕನ್ನಡಿಯಲ್ಲಿ ಹಿಂದಿನ ಬಸ್ಸು ಇರಬೇಕಾದ ಜಾಗ ಅದೇ. ಮಾವ ಹಿಂತಿರುಗಿ ನೋಡಿದರು, ನನ್ನನ್ನೂ ನೋಡಿದರು.

ಈಗ ನಾನು ಮಾಡುವ ಕ್ರಮ ಹೀಗೆ. ಹಿಂದಿನ ಟ್ರೇ ತೆಗೆದಿಡಿ. ಐ20, ಆಲ್ಟೋದಂಥ ಕಾರಿನಲ್ಲಿ ಡಿಕ್ಕಿ ಎತ್ತಿದರೆ ಗ್ಲಾಸಿನ ಒಳಮೈ ತಲೆಯ ಮೇಲೇ ಸಿಗುತ್ತದೆ, ನಿಂತು ಮಾಡಬಹುದು. ಡಿಕ್ಕಿ ಬೇರೆ ಇರುವ ಸೆಡಾನ್ ಆದರೆ ಹಿಂದಿನ ಸೀಟಿನ ಮೇಲೆ ಮಲಗಿ ಮಾಡಬೇಕು. ಕುತ್ತಿಗೆ ಹಿಡಿಯುತ್ತದೆ, ನಡುನಡುವೆ ಏಳಿ. ಅಲ್ಲಿನ ಸ್ಪೀಕರಿಗೆ ತೊಟ್ಟೆ, ಅದರ ಮೇಲೆ ಬೈರಾಸು.

ಗ್ಲಾಸಿನ ಹೊರಮೈಗೆ ಸೋಪಿನ ನೀರು ಸ್ಪ್ರೇ ಮಾಡಿ, ಕಪ್ಪು ತೊಟ್ಟೆಯನ್ನು ಬಿಚ್ಚಿ ಅಂಟಿಸಿ ಬಿಸಿಲಿಗೆ ಅರ್ಧ ಗಂಟೆ ಬಿಡಿ. ಕಪ್ಪು ಬಣ್ಣ ಬಿಸಿಲನ್ನು ಹೀರಿ ಗಾಜನ್ನು ಒಂದೇ ಸಮ ಕಾಯಿಸುತ್ತದೆ. ಆಮೇಲೆ ಬಯಲಿನಲ್ಲಿ ಎಂಜಿನ್ ಚಾಲು ಮಾಡಿ ಹತ್ತು ನಿಮಿಷ ಡಿಫಾಗರ್ ಹಾಕಿ, ಗೆರೆಗಳ ಮೇಲಿನ ಅಂಟು ಒಳಗಿನಿಂದಲೇ ಸಡಿಲ ಆಗುತ್ತದೆ. ಎಳೆಯುವ ಮೊದಲು ಡಿಫಾಗರ್ ಆಫ್ ಮಾಡಿ. ಸ್ಟೀಮರಿನ ಹಬೆ ಹಿಡಿದು, ಮೂಲೆಯನ್ನು ಉಗುರಿನಿಂದ ಅಥವಾ ಕಾರ್ಡಿನಿಂದ ಎಬ್ಬಿಸಿ. ಎಳೆಯುವುದು ಮೇಲಿನಿಂದ ಕೆಳಗೆ ಅಲ್ಲ, ಗೆರೆಗಳು ಹೋದ ದಿಕ್ಕಿನಲ್ಲೇ, ಬದಿಯಿಂದ ಬದಿಗೆ. ಪಕ್ಕದ ಗ್ಲಾಸಿಗಿಂತಲೂ ನಿಧಾನ. ಎರಡು ಗಂಟೆ ಹೋದರೂ ಹೋಗಲಿ.

ಉಳಿದ ಅಂಟಿಗೆ ಎಣ್ಣೆ ಮತ್ತು ಮೆತ್ತಗಿನ ಬಟ್ಟೆ, ಅದೂ ಗೆರೆಯ ದಿಕ್ಕಿನಲ್ಲೇ. ಗಾಜಿನ ಸುತ್ತ ಅಂಚಿನಲ್ಲಿ ಕಪ್ಪು ಚುಕ್ಕೆಗಳ ಪಟ್ಟಿ ಇರುತ್ತದಲ್ಲ, ಆ ಚುಕ್ಕೆಗಳ ನಡುವೆ ಅಂಟು ಹೊಕ್ಕು ಕೂರುತ್ತದೆ. ಅಲ್ಲಿಗೆ ಎಣ್ಣೆ ಹಾಕಿ ಹಲ್ಲುಜ್ಜುವ ಬ್ರಷ್. ಪೂರ್ತಿ ಹೋಗದಿದ್ದರೂ ಹೊರಗಿನಿಂದ ಕಾಣುವುದಿಲ್ಲ, ಬಿಡಿ.

ಗೆರೆ ತುಂಡಾಗಿದೆಯಾ ಅಂತ ನೋಡಲಿಕ್ಕೆ ಆಗುಂಬೆಗೆ ಹೋಗಬೇಕಾಗಿಲ್ಲ. ಸ್ಟೀಮರಿನಿಂದ ಗ್ಲಾಸಿಗೆ ಮಂಜು ಹಿಡಿಸಿ ಡಿಫಾಗರ್ ಹಾಕಿ. ತಿಳಿಯಾಗದ ಗೆರೆ ತುಂಡಾದದ್ದು. ತುಂಡಾದ ಜಾಗಕ್ಕೆ ಹಚ್ಚುವ ಬೆಳ್ಳಿಯ ಪೇಂಟ್ ಸಿಗುತ್ತದೆ. ಆಟೋ ಇಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇರುತ್ತದೆ, ತುಂಡಾದ ಜಾಗ ಹುಡುಕಿ ಹಚ್ಚಿಕೊಡುತ್ತಾರೆ. ಮಾವನ ಕಾರಿನ ಒಂದು ಗೆರೆ ಹಾಗೆ ಸರಿಯಾಯಿತು. ಇನ್ನೊಂದನ್ನು ನಾನು ಬೆರಳುದ್ದ ಕೆರೆದು ತೆಗೆದಿದ್ದೆ, ಅದು ಆಗಲಿಲ್ಲ.

ಮುಗಿಯುವ ಮೊದಲು

ಸಂಜೆಯ ಓರೆ ಬಿಸಿಲಿನಲ್ಲಿ ಒಳಗೆ ಕೂತು ಒಂದೊಂದೇ ಗ್ಲಾಸ್ ನೋಡಿ. ಕಣ್ಣಿಗೆ ಕಾಣದ ಅಂಟು ಒದ್ದೆ ಅಂಗೈಗೆ ಸಿಗುತ್ತದೆ. ಗಾಜಿನ ಮೇಲೆ ಕೈ ಜಾರುತ್ತಾ ಹೋಗಿ ಒಂದು ಕಡೆ ತಡೆದರೆ ಅಲ್ಲಿ ಉಂಟು ಅಂತ ಅರ್ಥ. ಬೀಡಿಂಗ್‌ನ ಸಂದಿಗೆ ಬಿದ್ದ ಅಂಟಿನ ಉಂಡೆಗಳನ್ನು ಒದ್ದೆ ಬಟ್ಟೆ ಸುತ್ತಿದ ಕಾರ್ಡಿನಿಂದ ಎಳೆದು ತೆಗೆಯಿರಿ. ಬಳಸಿದ ಬ್ಲೇಡನ್ನು ದಪ್ಪ ಕಾಗದದಲ್ಲಿ ಸುತ್ತಿ, ಟೇಪ್ ಹಾಕಿಯೇ ಕಸಕ್ಕೆ ಕೊಡಿ. ಕಸ ಹೆಕ್ಕುವವರ ಕೈ ಅದು.

ಆ ರಾತ್ರಿ ಕಿಟಕಿ ಇಳಿಸಬೇಡಿ, ಬೀಡಿಂಗ್ ಒಣಗಲಿ. ಮರುದಿನ ಬೆಳಿಗ್ಗೆ ನಾಲ್ಕೂ ಕಿಟಕಿಯನ್ನು ಒಂದೊಂದಾಗಿ ಪೂರ್ತಿ ಇಳಿಸಿ ಏರಿಸಿ ನೋಡಿ. ಗಾಜಿನ ಮೇಲೆ ಉದ್ದ ಗೆರೆ ಎಳೆದುಕೊಂಡು ಬಂದರೆ ಬೀಡಿಂಗ್‌ನೊಳಗೆ ಇನ್ನೂ ಅಂಟು ಉಳಿದಿದೆ. ತೆಂಗಿನೆಣ್ಣೆಯ ಗಿಂಡಿಯನ್ನು ಇನ್ನೊಂದು ದಿನ ಹೊರಗೇ ಇಟ್ಟುಕೊಳ್ಳಿ.